ಖಾತ್ರಿ ಕೆಲಸಕ್ಕೆ ಐದಕ್ಕೆ ನಾಲ್ಕು, ಖಾತ್ರಿ ಪಗಾರಕ್ಕೆ ಐದಕ್ಕೆ ಎರಡು

ಮಹಾತ್ಮ ಗಾಂಧಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ ಎಂಬ ಉದ್ದ ಹೆಸರನ್ನು ನಮ್ಮ ಕಡೆ ಹಳ್ಳಿಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಖಾತ್ರಿ ಕೆಲಸ’ ಅಂದರೆ ಮುಗಿಯಿತು. ಗ್ರಾಮ ಪಂಚಾಯತಿಯಿಂದ ಸಿಗುವ ಮನೆ ಉತಾರ, ನಳದ ಸಂಪರ್ಕ, ಬೀದಿದೀಪಗಳ ಹಾಗೆ ಇದೂ ಒಂದು ಸೇವೆ. ಹಾಗಾಗಿ ಸೇವೆಯಂತೆಯೇ ಇದನ್ನು ತೂಗಿ ನೋಡೋಣ. ಕೊರೊನಾ ಕಾಲದಲ್ಲಿ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಒಣಬೇಸಾಯದ ಊರುಗಳಿಗೆ ಇದು ಏನು ಕೊಟ್ಟಿತು, ಎಲ್ಲಿ ಕೈಕೊಟ್ಟಿತು, ಇವತ್ತು ಕೆಲಸ ಕೇಳುವವರು ಎಲ್ಲಿ ಎಚ್ಚರ ಇರಬೇಕು ಎಂಬುದಷ್ಟೇ ಇಲ್ಲಿಯ ವಿಚಾರ. ಕೆಲಸ ಕೊಡುವುದರಲ್ಲಿ ಇದಕ್ಕೆ ಸರಿಸಾಟಿ ಇರಲಿಲ್ಲ. ರೊಕ್ಕ ಕೈಗೆ ಮುಟ್ಟಿಸುವುದರಲ್ಲಿ ಮಾತ್ರ ಮೈಗಳ್ಳ.

2020ರ ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್ ಆದಾಗ ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡದ ಕಡೆಯ ತಾಂಡಾಗಳಿಂದ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋದವರು ಕೆಲಸ ಕಳೆದುಕೊಂಡು ಊರ ದಾರಿ ಹಿಡಿದರು. ಅದರ ಹಿಂದಿನ ಆಗಸ್ಟ್‌ನಲ್ಲೇ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ಹೊಳೆದಂಡೆ ಊರುಗಳು ಮುಳುಗೆದ್ದಿದ್ದವು. ಅಂದರೆ ಮನೆಯಲ್ಲಿ ಕಾಳೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ ಅನ್ನುವ ಸ್ಥಿತಿ. ಏಪ್ರಿಲ್ 20ರಿಂದ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಅಂತರ ಕಾಯ್ದುಕೊಂಡು ಖಾತ್ರಿ ಕೆಲಸ ನಡೆಸಲು ಕೇಂದ್ರ ಅನುಮತಿ ಕೊಟ್ಟಿತು. ಕರ್ನಾಟಕದ ದಿನಗೂಲಿ 249 ರೂಪಾಯಿಯಿಂದ 275ಕ್ಕೆ ಏರಿತ್ತು. ಬಜೆಟ್‌ನಲ್ಲಿ ಇಟ್ಟಿದ್ದ 61,500 ಕೋಟಿಯ ಮೇಲೆ ಮೇ ತಿಂಗಳಲ್ಲಿ ಇನ್ನೂ 40,000 ಕೋಟಿ ಬಂತು. ವರ್ಷದ ಪರಿಷ್ಕೃತ ಅಂದಾಜು 1,11,500 ಕೋಟಿಗೆ ಮುಟ್ಟಿತು.

ಕೋಟಿಗಳ ಲೆಕ್ಕ ಊರಿಗೆ ತಿಳಿಯುವುದಿಲ್ಲ. ಒಂದು ಪಂಚಾಯತಿಯ ಲೆಕ್ಕ ಹಾಕಿ ನೋಡಿ. 800 ಕುಟುಂಬಗಳು ಸರಾಸರಿ 40 ದಿನ ಕೆಲಸ ಮಾಡಿದವು ಎಂದು ಹಿಡಿಯೋಣ. 275ರಂತೆ 88 ಲಕ್ಷ ರೂಪಾಯಿ, ಅದೂ ನೇರ ಕೂಲಿಯವರ ಖಾತೆಗೆ. ಮರುವರ್ಷ, 2021ರ ಮೇ ತಿಂಗಳ ಪ್ಯಾಕೇಜ್‌ನಲ್ಲಿ ಕೋವಿಡ್ ನಿರ್ವಹಣೆಗೆಂದು ರಾಜ್ಯ ಸರ್ಕಾರ ಪ್ರತಿ ಗ್ರಾಮ ಪಂಚಾಯತಿಗೆ ಪ್ರಕಟಿಸಿದ ಮುಂಗಡ 50 ಸಾವಿರ. ಎರಡರ ಉದ್ದೇಶ ಬೇರೆ ಎಂಬುದು ಖರೆ. ಆದರೆ ಊರಿನ ಕಿರಾಣಿ ಅಂಗಡಿಯ ಉದ್ರಿ ವಹಿಯನ್ನು ತೀರಿಸಿದ್ದು ಯಾವ ರೊಕ್ಕ ಎಂದು ಕೇಳಿದರೆ ಉತ್ತರ ಒಂದೇ. ಕೂಲಿ ರೊಕ್ಕ ಬ್ಯಾಂಕಿನಲ್ಲಿ ಕೂಡುವುದಿಲ್ಲ. ಅದು ಸಂತೆಗೆ ಹೋಗುತ್ತದೆ, ಗಿರಣಿಗೆ ಹೋಗುತ್ತದೆ, ಬಿತ್ತುವ ಬೀಜಕ್ಕೆ ಹೋಗುತ್ತದೆ. ಅಂಗಡಿಯವನು ಹುಬ್ಬಳ್ಳಿಯಿಂದ ಮಾಲು ತರಿಸುವ ಹೊತ್ತಿಗೆ ಅದೇ ರೊಕ್ಕ ಊರಲ್ಲಿ ಮೂರು ಕೈ ಬದಲಾಗಿರುತ್ತದೆ.

ಇಷ್ಟು ಬೇಗ ಇಷ್ಟು ದುಡ್ಡು ಹರಿಯಲು ಕಾರಣ ಯಾರದೋ ಔದಾರ್ಯವಲ್ಲ, 2005ರ ಕಾಯ್ದೆಯ ರಚನೆ. ಕೆಲಸ ಕೇಳಿದವರಿಗೆ 15 ದಿನದೊಳಗೆ ಕೊಡಬೇಕು, ಕೇಳಿದಷ್ಟಕ್ಕೂ ಕೂಲಿಯ ರೊಕ್ಕ ಕೇಂದ್ರದ ಹೊಣೆ. ಫಲಾನುಭವಿ ಆಯ್ಕೆ ಸಮಿತಿ ಕೂರಬೇಕಿಲ್ಲ, ಆದಾಯ ಪ್ರಮಾಣಪತ್ರ ಬೇಕಿಲ್ಲ. ಆ ವರ್ಷದ ನಡುವಿನಿಂದ ಪಂಚಾಯತಿಗಳಲ್ಲಿ ಚುನಾಯಿತ ಸದಸ್ಯರೂ ಇರಲಿಲ್ಲ ಎಂಬುದನ್ನು ನೆನಪಿಡಿ. ಅವಧಿ ಮುಗಿದು ಆಡಳಿತಾಧಿಕಾರಿಗಳು ಕೂತಿದ್ದರು, ಚುನಾವಣೆ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ಕ್ಕೆ. ಆದರೂ ಪಿಡಿಒ ಸಹಿಯಿಂದ ಎನ್‌ಎಂಆರ್, ಅಂದರೆ ಕೂಲಿಯವರ ಹಾಜರಿ ಪಟ್ಟಿ, ಹೊರಟು ಕೆಲಸ ನಡೆಯಿತು.

ಈಗ 2005ರ ಕಾಯ್ದೆಯಡಿ ಸೇವೆ ಪಡೆಯುವ ಬಗೆ. ಜಾಬ್ ಕಾರ್ಡ್ ಪುಕ್ಕಟೆ, ಅರ್ಜಿ ಹಾಕಿದ 15 ದಿನದಲ್ಲಿ ಕೊಡಬೇಕು. ವರ್ಷಕ್ಕೆ ನೂರು ದಿನದ ಕೆಲಸ ಎಂಬುದು ಆಳಿಗಲ್ಲ, ಕುಟುಂಬಕ್ಕೆ. ಗಂಡ ಹೆಂಡತಿ ಇಬ್ಬರೂ ಹೋದರೆ 50 ದಿನದಲ್ಲೇ ಮುಗಿಯುತ್ತದೆ. ಲಾಕ್‌ಡೌನ್ ವರ್ಷ ಗುಳೆಯಿಂದ ಮರಳಿದ ಮಗ-ಸೊಸೆಯ ಹೆಸರನ್ನು ಅಪ್ಪನ ಕಾರ್ಡಿಗೇ ಸೇರಿಸಿದ ಮನೆಗಳಲ್ಲಿ ಎಡವಟ್ಟಾದದ್ದು ಇಲ್ಲಿಯೇ. ನಾಲ್ಕು ಜನ ದುಡಿದರೆ 25 ದಿನಕ್ಕೆ ಖಾತೆ ಬಂದ್. ಒಲೆ ಬೇರೆ, ರೇಷನ್ ಕಾರ್ಡ್ ಬೇರೆ ಇದ್ದರೆ ಅವರು ಬೇರೆ ಕುಟುಂಬ. ಪ್ರತ್ಯೇಕ ಜಾಬ್ ಕಾರ್ಡ್ ಕೇಳುವ ಹಕ್ಕು ಅವರಿಗಿದೆ. ಆ ವರ್ಷ ದಿನಗಳನ್ನು 200ಕ್ಕೆ ಏರಿಸಿ ಎಂಬ ಕೂಗು ಎದ್ದಿತ್ತು. ಏರಲಿಲ್ಲ.

ಕಾರ್ಡ್ ಕೈಯಲ್ಲಿದ್ದರೆ ಸಾಲದು, ಕೆಲಸವನ್ನು ಬರಹದಲ್ಲಿ ಕೇಳಬೇಕು. ಅದಕ್ಕೆ ನಮೂನೆ 6. ಇಲ್ಲಿ ನೂರಕ್ಕೆ ತೊಂಬತ್ತು ಜನ ಮಾಡುವ ತಪ್ಪೆಂದರೆ ತಾರೀಖು ಹಾಕಿದ ಸ್ವೀಕೃತಿ ಇಸಿದುಕೊಳ್ಳದೆ ಬರುವುದು. ‘ಹೆಸರು ಬರೆದುಕೊಂಡೀವಿ, ಕೆಲಸ ಬಂದಾಗ ಹೇಳ್ತೀವಿ, ಹೋಗ್ರಿ’ ಅಂದರೆ ನೀವು ಕೆಲಸ ಕೇಳಿದ್ದಕ್ಕೆ ಸಾಕ್ಷಿಯೇ ಇಲ್ಲ. ಸ್ವೀಕೃತಿ ಇದ್ದರೆ 16ನೇ ದಿನದಿಂದ ನಿರುದ್ಯೋಗ ಭತ್ಯೆ ಹುಟ್ಟುತ್ತದೆ. ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ. ಈ ಭತ್ಯೆ ರಾಜ್ಯದ ಬೊಕ್ಕಸದಿಂದ ಹೋಗುವುದರಿಂದಲೇ ಸ್ವೀಕೃತಿ ಕೊಡಲು ಕಚೇರಿಗಳಿಗೆ ಅಷ್ಟು ಸಂಕೋಚ. ಬಾಯಿಮಾತಿನಲ್ಲಿ ಜಗಳಾಡುವ ಬದಲು ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಕೆಲಸ ಊರಿಂದ 5 ಕಿಲೋಮೀಟರ್ ಆಚೆ ಇದ್ದರೆ ಕೂಲಿಗೆ ಶೇ 10 ಹೆಚ್ಚುವರಿ. ಇದನ್ನೂ ಕೇಳಿದವರಿಗಷ್ಟೇ ಕೊಡುತ್ತಾರೆ.

ಕೆಲಸದ ಜಾಗಕ್ಕೆ ಬರೋಣ. ತಗಾದೆ ಹುಟ್ಟುವುದೇ ಇಲ್ಲಿ, ಏಕೆಂದರೆ ಕೂಲಿ ಹಾಜರಿಯ ಮೇಲಲ್ಲ, ಅಳತೆಯ ಮೇಲೆ. ‘ಎಂಟು ತಾಸು ಬಿಸಲಾಗ ಅಗದೀವಿ, ಇನ್ನೂರು ಬಂತು’ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಕಳ್ಳತನ ಇರುವುದಿಲ್ಲ, ಗಣಿತ ಇರುತ್ತದೆ. ಕೃಷಿ ಹೊಂಡವನ್ನೇ ತೆಗೆದುಕೊಳ್ಳಿ. ಮೇಲೆ 10 ಮೀಟರ್ ಚೌಕ, 3 ಮೀಟರ್ ಆಳ. ಗುಂಪಿನವರು ಹತ್ತು ಹತ್ತಲೇ ನೂರು, ನೂರು ಮೂರಲೆ ಮುನ್ನೂರು ಘನ ಮೀಟರ್ ಎಂದು ಮನಸ್ಸಿನಲ್ಲೇ ಗುಣಿಸಿಕೊಂಡಿರುತ್ತಾರೆ. ಆದರೆ ಹೊಂಡದ ಗೋಡೆ ನೆಟ್ಟಗೆ ಇರುವುದಿಲ್ಲ, ಇರಲೂಬಾರದು. ಪ್ರತಿ ಮೀಟರ್ ಆಳಕ್ಕೆ ಒಂದು ಮೀಟರ್ ಒಳಗೆ ಸರಿಯುವ ಇಳಿಜಾರು ಹಿಡಿದರೆ ತಳ ಬರೀ 4 ಮೀಟರ್ ಚೌಕ. ನಡುವಿನ ಮಟ್ಟದಲ್ಲಿ 7 ಮೀಟರ್. ಮೇಲಿನ 100, ತಳದ 16, ನಡುವಿನ 49ರ ನಾಲ್ಕು ಪಟ್ಟು 196, ಮೂರೂ ಕೂಡಿ 312. ಆರರಿಂದ ಭಾಗಿಸಿ ಮೂರರಿಂದ ಗುಣಿಸಿದರೆ 156 ಘನ ಮೀಟರ್. ಊರವರ ಲೆಕ್ಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಳತೆ ಪುಸ್ತಕದಲ್ಲಿ, ಅಂದರೆ ಎಂಬಿಯಲ್ಲಿ, ಬರೆಯುವುದು ಈ 156ನ್ನು. ಕೆಲಸ ಆರಂಭವಾಗುವ ದಿನವೇ ಕೂಲಿ ಗುಂಪಿನ ಮುಂದಾಳಾದ ಕಾಯಕ ಬಂಧು ಇದನ್ನು ಗುಂಪಿನ ಮುಂದೆ ಟೇಪು ಹಿಡಿದು ತೋರಿಸಿದರೆ ಅರ್ಧ ಜಗಳ ಅಲ್ಲೇ ಸತ್ತುಹೋಗುತ್ತದೆ. ತೋರಿಸುವುದಿಲ್ಲ, ಅದೇ ಕೊರತೆ. ಇಳಿಜಾರು ಬಿಡದೆ ನೆಟ್ಟಗೆ ಅಗೆದು ‘ಹೆಚ್ಚು ಮಣ್ಣು ತೆಗೆದೀವಿ’ ಎನ್ನುವವರಿಗೂ ಲಾಭವಿಲ್ಲ. ಅಂದಾಜು ಪತ್ರಿಕೆಯಲ್ಲಿ ಇದ್ದಷ್ಟಕ್ಕೇ ರೊಕ್ಕ, ಮೇಲಾಗಿ ಮೊದಲ ದೊಡ್ಡ ಮಳೆಗೆ ಅಂಚು ಕುಸಿದು ಹೊಂಡ ತಾನೇ ತುಂಬಿಕೊಳ್ಳುತ್ತದೆ.

ಮಣ್ಣಿನ ಜಾತಿಯೂ ಕೂಲಿಯನ್ನು ಕಡಿಯುತ್ತದೆ. ನವಲಗುಂದ, ನರಗುಂದ, ರೋಣದ ಎರೆಹೊಲ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಹೆಂಟೆ ಹೆಂಟೆಯಾಗಿ ನಿಂತಿರುತ್ತದೆ. ಕಪ್ಪತಗುಡ್ಡದ ಕಡೆಯ ಮಸಾರಿಯಲ್ಲಿ, ಅಂದರೆ ಕೆಂಪು ನೆಲದಲ್ಲಿ, ಒಂದು ಅಡಿ ಕೆಳಗೆ ಗೊರಚಿನ ಗಟ್ಟಿ ಕಲ್ಲುಮಣ್ಣು ಬಡಿಯುತ್ತದೆ. ಮೆತ್ತನೆ ಮಣ್ಣಿನ ದರ ಬೇರೆ, ಗಟ್ಟಿ ಮಣ್ಣಿನ ದರ ಬೇರೆ. ಅಂದಾಜಿನಲ್ಲಿ ಮೆತ್ತನೆ ಎಂದು ಬರೆದು ಹೊಲದಲ್ಲಿ ಗೊರಚು ಹತ್ತಿದರೆ, ಆ ದಿನವೇ ತಾಂತ್ರಿಕ ಸಹಾಯಕರನ್ನು ಕರೆಸಿ ಎಂಬಿಯಲ್ಲಿ ತಿದ್ದಿಸಬೇಕು. ಗುಂಡಿ ಮುಗಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಬೆಳಗಾವಿ, ಕಲಬುರಗಿ ವಿಭಾಗದ ಜಿಲ್ಲೆಗಳಿಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಟ್ಟಿದ್ದುಂಟು. ನಮ್ಮ ಮೂರೂ ಜಿಲ್ಲೆ ಬೆಳಗಾವಿ ವಿಭಾಗದವೇ. ಆ ವರ್ಷದ ಆದೇಶ ಪಂಚಾಯತಿಗೆ ಬಂದಿದೆಯೇ ಎಂದು ವಿಚಾರಿಸಿ.

2020ರ ಬೇಸಿಗೆಯಲ್ಲಿ ಎಲ್ಲಿ ನೋಡಿದರೂ ಬದು ನಿರ್ಮಾಣ. ಲಾಕ್‌ಡೌನಿಗೆ ಅದು ಹೇಳಿ ಮಾಡಿಸಿದ ಕೆಲಸ: ಜನ ದೂರ ದೂರ ನಿಲ್ಲಬಹುದು, ಸಿಮೆಂಟ್ ಬೇಡ, ಹೊಲದವನೂ ಖುಷಿ. ಆದರೆ ಎರೆಹೊಲದ ಒಡ್ಡಿಗೆ ಕಲ್ಲಿನ ಕೋಡಿ ಇಲ್ಲದಿದ್ದರೆ ಅದು ಅರ್ಧ ಕೆಲಸ. ಒಣಗಿದಾಗ ಒಡ್ಡಿನ ಮೈಯೆಲ್ಲ ಬಿರುಕು, ಮಳೆ ಬಿದ್ದಾಗ ನೀರು ಆ ಬಿರುಕಿನಲ್ಲೇ ಹೊಕ್ಕು ಒಡ್ಡನ್ನು ಸೀಳುತ್ತದೆ. ಹೆಚ್ಚಾದ ನೀರಿಗೆ ಗೊತ್ತಾದ ದಾರಿ ಬಿಟ್ಟು ಅಲ್ಲಿ ಕಲ್ಲು ಹಾಸಿದರೆ ಒಡ್ಡು ಉಳಿಯುತ್ತದೆ. ಕಲ್ಲೆಂದರೆ ಸಾಮಗ್ರಿ, ಸಾಮಗ್ರಿ ಎಂದರೆ ಬೇರೆ ಬಿಲ್ಲು.

ಅದೇ 60:40ರ ಕಟ್ಟು. ಒಟ್ಟು ಖರ್ಚಿನಲ್ಲಿ ಕೂಲಿ ಕನಿಷ್ಠ 60, ಸಾಮಗ್ರಿ ಗರಿಷ್ಠ 40. ಮೇಲೆ ಹೇಳಿದ ಪಂಚಾಯತಿ 88 ಲಕ್ಷ ಕೂಲಿ ಕೊಟ್ಟರೆ ಸಾಮಗ್ರಿಗೆ ಸುಮಾರು 58 ಲಕ್ಷದವರೆಗೆ ಅವಕಾಶ. ಈ ಪಾಲಿನಲ್ಲಿ ಕೇಂದ್ರದ್ದು ಮುಕ್ಕಾಲು, ರಾಜ್ಯದ್ದು ಕಾಲು. ಸಾಮಗ್ರಿ ಬಿಲ್ಲು ಬರುವುದು ಕೂಲಿಗಿಂತ ನಿಧಾನ. ಹಾಗಾಗಿ ಕೋಡಿಗೆ ಕಲ್ಲು ಹಾಕಬೇಕಾದವನು ಕೈ ಹಿಂದೆಗೆಯುತ್ತಾನೆ, ಇಲ್ಲವೆ ಊರಲ್ಲಿ ಬಂಡವಾಳ ಇದ್ದ ಒಬ್ಬಿಬ್ಬರೇ ಎಲ್ಲ ಪೂರೈಕೆ ಹಿಡಿಯುತ್ತಾರೆ. ಗುತ್ತಿಗೆದಾರರಿಗೂ, ಆಳಿನ ಕೆಲಸ ಕಸಿಯುವ ಯಂತ್ರಕ್ಕೂ ಕಾಯ್ದೆಯಲ್ಲಿ ಜಾಗವಿಲ್ಲ. ಆದರೂ ರಾತ್ರಿ ಜೆಸಿಬಿ ಇಳಿಸಿ ಹಗಲು ಹೆಸರು ಬರೆಯುವ ಹಿಕ್ಮತ್ತು ಎಲ್ಲರಿಗೂ ಗೊತ್ತು. ಹೊಂಡದ ಗೋಡೆಯ ಮೇಲೆ ಬಕೆಟ್ಟಿನ ಹಲ್ಲಿನ ಸಮಾನಾಂತರ ಗೀರು ಇದ್ದರೆ, ಆಳಿನವರು ಇಳಿದು ಹತ್ತಿದ ಮೆಟ್ಟಿಲು ಇಲ್ಲದಿದ್ದರೆ, ಅಳತೆಗೆಂದು ನಡುವೆ ಉಳಿಸುವ ಮಣ್ಣಿನ ದಿಬ್ಬ ಕಾಣದಿದ್ದರೆ ಸಾಮಾಜಿಕ ಪರಿಶೋಧನೆಯವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಎರಡು ಅಂಕದ ವಿಷಯ, ಪಗಾರ. ವಾರದ ಎನ್‌ಎಂಆರ್ ಮುಗಿದ ಮೇಲೆ ಅಳತೆ, ಎಂಬಿ, ಕಂಪ್ಯೂಟರ್‌ನಲ್ಲಿ ನಮೂದು, ಎರಡು ಸಹಿಯ ಎಫ್‌ಟಿಒ (ಹಣ ವರ್ಗಾವಣೆ ಆದೇಶ), ಆಮೇಲೆ ಕೇಂದ್ರದಿಂದ ಖಾತೆಗೆ. ಕಾಯ್ದೆ ಹೇಳುವುದು 15 ದಿನ. ತಡವಾದರೆ ದಿನಕ್ಕೆ ಶೇ 0.05 ಪರಿಹಾರ. ಆರು ದಿನದ ಕೂಲಿ 1,650 ರೂಪಾಯಿ 20 ದಿನ ತಡವಾಯಿತೆನ್ನಿ. ಪರಿಹಾರ 16 ರೂಪಾಯಿ 50 ಪೈಸೆ. ಅಷ್ಟೇ ರೊಕ್ಕವನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ಕೈಗಡ ತಂದರೆ ಬಡ್ಡಿ 33 ರೂಪಾಯಿ. ಸರ್ಕಾರಕ್ಕೆ ಕೂಲಿಯವನೇ ಸಾಲ ಕೊಟ್ಟು ಅರ್ಧ ಬಡ್ಡಿ ಪಡೆದಂತಾಯಿತು. ಅದೂ ಎಫ್‌ಟಿಒ ಹುಟ್ಟುವವರೆಗಿನ ತಡಕ್ಕೆ ಮಾತ್ರ ಲೆಕ್ಕ. ಆಮೇಲೆ ಮೇಲಿನ ಹಂತದಲ್ಲಿ ಎಷ್ಟು ದಿನ ಕೂತರೂ ಕಂಪ್ಯೂಟರ್ ಎಣಿಸುವುದಿಲ್ಲ.

2021-22ರಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಒಂದೇ ಎನ್‌ಎಂಆರ್‌ನ ಕೂಲಿಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದು ಮೂರು ಹೊರೆ ಮಾಡಿ ಬೇರೆ ಬೇರೆಯಾಗಿ ಕಳಿಸುವುದು. ಒಂದೇ ಗುಂಡಿ ತೋಡಿದವರಲ್ಲಿ ಒಬ್ಬರಿಗೆ ಈ ವಾರ, ಇನ್ನೊಬ್ಬರಿಗೆ ಮುಂದಿನ ತಿಂಗಳು. ಎರಡನೇ ಅಲೆಯ ಹೊತ್ತಿನಲ್ಲಿ ಕೂಲಿ ಗುಂಪುಗಳಲ್ಲಿ ಹುಳಿ ಹಿಂಡಲು ಇದಕ್ಕಿಂತ ಒಳ್ಳೆ ಉಪಾಯ ಯಾರೂ ಹುಡುಕಲಾರರು. ಮುಂದೆ ಅದನ್ನು ಕೈಬಿಟ್ಟರು.

‘ರೊಕ್ಕ ಬಂದಿಲ್ಲ’ ಎನ್ನುವವರಲ್ಲಿ ಹಲವರದ್ದು ಬಂದಿರುತ್ತದೆ, ಬೇರೆ ಖಾತೆಗೆ. ಆಧಾರ್ ಆಧಾರಿತ ಪಾವತಿಯಲ್ಲಿ ದುಡ್ಡು ಹೋಗುವುದು ಜಾಬ್ ಕಾರ್ಡಿನಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಕೊನೆಗೆ ಜೋಡಿಸಿದ ಖಾತೆಗೆ. 2024ರ ಜನವರಿ 1ರಿಂದ ಈ ಪದ್ಧತಿ ಕಡ್ಡಾಯ. ಹಳೆಯ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಹಿಡಿದು ಅಲೆಯುವ ಮುಂಚೆ ಈಚೆಗೆ ಎಲ್ಲಾದರೂ ಹೊಸ ಖಾತೆ ತೆರೆದಿದ್ದೀರಾ ನೆನಪು ಮಾಡಿಕೊಳ್ಳಿ. ಆಧಾರ್‌ನಲ್ಲಿ ‘ಶಾಂತವ್ವ’, ಜಾಬ್ ಕಾರ್ಡಿನಲ್ಲಿ ‘ಶಾಂತಮ್ಮ’ ಇದ್ದರೂ ಸಿಕ್ಕಿಬೀಳುತ್ತದೆ. ಹೆಬ್ಬೆಟ್ಟಿನ ಮಷಿನ್ನೂ ಒಂದು ತಲೆನೋವು: ಗುದ್ದಲಿ ಹಿಡಿದು ಸವೆದ ಬೆರಳು ಅದಕ್ಕೆ ಗುರುತು ಸಿಗುವುದಿಲ್ಲ. ಹಾಜರಿಯ ಮೊಬೈಲ್ ಆ್ಯಪ್ 2023ರ ಜನವರಿಯಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಬಂತು, ದಿನಕ್ಕೆ ಎರಡು ಫೋಟೊ. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ತೆಗೆದದ್ದನ್ನು ಸಂಜೆಯೇ ಏರಿಸದಿದ್ದರೆ ಆ ದಿನದ ಬೆವರು ನೀರಿನಲ್ಲಿ ಮಾಡಿದ ಹೋಮ.

ಪಂಚಾಯತಿಯ ಉಳಿದ ಖರ್ಚಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2020-21ಕ್ಕೆ ಅರ್ಧ ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಮುಂದೆ ಅದು ಶೇ 60 ಆಯಿತು. ಕೈಯಲ್ಲಿ ಉಳಿದ ಪುಡಿಗಾಸಿನಲ್ಲಿ ಬಹಳ ಕಡೆ ಟ್ರ್ಯಾಕ್ಟರ್ ಟ್ಯಾಂಕರಿನಿಂದ ಓಣಿ ಓಣಿಗೆ ಸೋಡಿಯಂ ಹೈಪೋಕ್ಲೋರೈಟ್ ಸಿಂಪಡಿಸಿದರು. ನೋಡಲು ಭರ್ಜರಿ, ಫಲ ಸೊನ್ನೆ. ಧೂಳು, ಸಗಣಿ, ಬಿಸಿಲು ಸೇರಿದಲ್ಲಿ ಕ್ಲೋರಿನ್ ಸತ್ತುಹೋಗುತ್ತದೆ. ಜನರ ಮೈಮೇಲೆ ಸಿಂಪಡಿಸಬೇಡಿ ಎಂದು ಕೇಂದ್ರ ಆರೋಗ್ಯ ಇಲಾಖೆ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ಬೀದಿಗೆ ಸಿಂಪಡಿಸುವುದೂ ಬೇಡವೆಂದು ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದೇ ರೊಕ್ಕದಲ್ಲಿ ಸಂತೆಕಟ್ಟೆಯ ಮೇಲೆ ನಾಲ್ಕು ನಳ, ಸಾಬೂನು ಇಟ್ಟಿದ್ದರೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿತ್ತು.

ಪೇಟೆಗೆ ಹೋದರೆ ಖಾತ್ರಿಯೇ ಇಲ್ಲ. ಹುಬ್ಬಳ್ಳಿಯ ದುರ್ಗದ ಬೈಲ್, ಜನತಾ ಬಜಾರಿನಲ್ಲಿ ಗಾಡಿ ಇಟ್ಟವರಿಗೆ ಸಿಕ್ಕದ್ದು 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ, ಅಂದರೆ 10,000 ರೂಪಾಯಿಯ ಸಾಲ, ಒಂದು ವರ್ಷದ ಕಂತು, ಶೇ 7 ಬಡ್ಡಿ ಸಹಾಯಧನ. ಗುರುತಿನ ಚೀಟಿ ಇಲ್ಲದವರು, ಸುತ್ತಲಿನ ಹಳ್ಳಿಯಿಂದ ಬಂದು ಮಾರುವವರು ಪಾಲಿಕೆಯಿಂದ ಶಿಫಾರಸು ಪತ್ರ ತರಬೇಕು, ಅರ್ಜಿಗಳು ಕೂರುವುದು ಅಲ್ಲಿಯೇ. ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 2021ರ ಸೆಪ್ಟೆಂಬರ್ 3ರ ಚುನಾವಣೆಯವರೆಗೆ ಚುನಾಯಿತ ಸದಸ್ಯರೇ ಇರಲಿಲ್ಲವಾದ್ದರಿಂದ ವಾರ್ಡಿನಲ್ಲಿ ಹೋಗಿ ಹಿಡಿಯಲೂ ಆಳಿಲ್ಲ. ಸಕಾಲಕ್ಕೆ ಕಟ್ಟಿದವರಿಗೆ ಮುಂದೆ ಸಿಕ್ಕ 20,000, 50,000ದ ಸಾಲಗಳು ನಿಜಕ್ಕೂ ಅನುಕೂಲವಾದವು. ಆದರೆ ಗಿರಾಕಿಯೇ ಇಲ್ಲದ ಹೊತ್ತಿನಲ್ಲಿ ಸಾಲ ಕೊಡುವುದು ಬೇರೆ, ದುಡಿಮೆ ಕೊಡುವುದು ಬೇರೆ. ಸ್ವನಿಧಿಗೆ ಐದಕ್ಕೆ ಮೂರು ಅಂಕ ಸಾಕು. 2020ರ ಮೇ ತಿಂಗಳ ರಾಜ್ಯದ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೊದವರಿಗೆ 5,000, ಬೆಟಗೇರಿಯಂಥ ಊರುಗಳ ಕೈಮಗ್ಗದ ನೇಕಾರರಿಗೆ 2,000 ಎಂದು ಬಂತು. ಒಂದು ತಿಂಗಳ ರೇಷನ್ನಿಗೆ ಆಯಿತು.

2025-26ಕ್ಕೆ ಕರ್ನಾಟಕದ ಖಾತ್ರಿ ಕೂಲಿ 370 ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ ವಿಬಿ–ಜಿ ರಾಮ್ ಜಿ ಎಂಬ ಹೊಸ ಗ್ರಾಮೀಣ ಉದ್ಯೋಗ ಕಾಯ್ದೆಯನ್ನು ಅಂಗೀಕರಿಸಿತು. ದಿನಗಳು 100ರಿಂದ 125ಕ್ಕೆ ಏರುತ್ತವೆ, ಇದು ಒಳ್ಳೆಯದೇ. ಆದರೆ ಖರ್ಚು ಕೇಂದ್ರಕ್ಕೆ 60, ರಾಜ್ಯಕ್ಕೆ 40. ಪ್ರತಿ ರಾಜ್ಯಕ್ಕೆ ಇಷ್ಟೆಂದು ಕೇಂದ್ರ ಮೊದಲೇ ಹಂಚಿಕೆ ಗೊತ್ತು ಮಾಡುತ್ತದೆ, ಅದನ್ನು ಮೀರಿದ್ದು ರಾಜ್ಯದ ತಲೆಗೆ. 61,500 ಕೋಟಿ ಒಂದೇ ವರ್ಷದಲ್ಲಿ 1,11,500 ಕೋಟಿ ಆದದ್ದು ಜನ ಕೇಳಿದರು ಎಂಬ ಕಾರಣಕ್ಕೆ. ಇನ್ನೊಮ್ಮೆ ಅಂಥ ವರ್ಷ ಬಂದರೆ, ತೆರಿಗೆ ವಸೂಲಿಯೇ ಬಿದ್ದುಹೋದ ರಾಜ್ಯ ಆ ಹೆಚ್ಚಿನ ಪಾಲನ್ನು ಎಲ್ಲಿಂದ ತರಬೇಕು? ಬಿತ್ತನೆ, ಸುಗ್ಗಿಯ ಕಾಲಕ್ಕೆ ವರ್ಷದಲ್ಲಿ 60 ದಿನ ಕೆಲಸ ನಿಲ್ಲಿಸುವ ಷರತ್ತೂ ಇದೆ. ಅದನ್ನು ಜಿಲ್ಲೆಗೆಲ್ಲ ಒಂದೇ ತಾರೀಖಿನಲ್ಲಿ ಗೊತ್ತು ಮಾಡಿದರೆ ನಮ್ಮಲ್ಲಿ ಹೊಂದುವುದಿಲ್ಲ. ಮಸಾರಿಯವರು ಮುಂಗಾರಿ ಶೇಂಗಾ ಬಿತ್ತುವಾಗ ಎರೆಹೊಲದವರು ಎಷ್ಟೋ ಮಂದಿ ಹಿಂಗಾರಿ ಜೋಳ, ಕಡಲೆಗೆಂದು ಹೊಲ ಹಸನು ಮಾಡಿ ಖಾಲಿ ಕೂತಿರುತ್ತಾರೆ. ಖಾತ್ರಿ ಕೆಲಸ ಅವರಿಗೆ ಬೇಕಾಗುವುದೇ ಆಗ.